ಎಚ್‌ಎಫ್ ಹಸು ಕುಂಟ್ತಿದೆ, ಇಂಜೆಕ್ಷನ್ ಹಾಕ್ಸಿದ್ರೂ ವಾಪಸ್ ಬರ್ತಿದೆ

ಮಂಡ್ಯ_ಕೊಟ್ಟಿಗೆ:
ನಮಸ್ಕಾರ ಎಲ್ರಿಗೂ. ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿ, ಎರಡನೇ ಸೂಲು, ಕರು ಹಾಕಿ ಎರಡು ತಿಂಗಳು ಮೇಲಾಯ್ತು. ಬಲಗಡೆ ಹಿಂಗಾಲು ಸರಿಯಾಗಿ ಊರಲ್ಲ, ನಡೆಯೋವಾಗ ಬೆನ್ನು ಗೂನು ಮಾಡ್ಕೊಳುತ್ತೆ, ಹಾಲೂ ಇಳಿದುಬಿಟ್ಟಿದೆ. ನೋವಿನ ಇಂಜೆಕ್ಷನ್ ಕೊಡ್ಸಿದ್ರೆ ಎರಡು ದಿನ ಪರವಾಗಿಲ್ಲ ಆಮೇಲೆ ಮತ್ತೆ ಅದೇ. ಜ್ವರ ಇಲ್ಲ, ಬಾಯಲ್ಲಿ ಹುಣ್ಣಿಲ್ಲ, ಕಾಲುಬಾಯಿ ಲಸಿಕೆ ಆಗಿದೆ. ಸಿಮೆಂಟ್ ನೆಲ, ಕಟ್ಟಿಯೇ ಮೇಯಿಸೋದು. ಏನ್ ಮಾಡ್ಲಿ?

ಹೈನು_ಹಾಸನ:
ಮೊದ್ಲು ಕಾಲೆತ್ತಿ ಗೊರಸಿನ ಅಡಿ ನೋಡ್ರಿ, ಅದನ್ನ ನೋಡ್ದೆ ಇಂಜೆಕ್ಷನ್ ಮೇಲೆ ಇಂಜೆಕ್ಷನ್ ಹಾಕ್ಸಿದ್ರೆ ಪಾಪ ಆ ಹಸು ನೋವು ನುಂಗ್ಕೊಂಡು ನಿಂತಿರುತ್ತೆ ಅಷ್ಟೇ. ಹಿಂಗಾಲಿನ ಎರಡು ಗೊರಸಲ್ಲಿ ಹೊರಗಡೆ ಗೊರಸಿಗೇ ಭಾರ ಜಾಸ್ತಿ, ಸಿಮೆಂಟ್ ಮೇಲೆ ನಿಂತೂ ನಿಂತೂ ಹುಣ್ಣಾಗೋದೂ ಹೆಚ್ಚಾಗಿ ಅಲ್ಲೇ. ಸಗಣಿ ಚೆನ್ನಾಗಿ ತೊಳೆದು ಹಿಮ್ಮಡಿ ಕಡೆಯಿಂದ ಹೆಬ್ಬೆರಳಲ್ಲಿ ಒತ್ತುತ್ತಾ ಬನ್ನಿ, ಎಲ್ಲಿ ಕಾಲು ಕಿತ್ಕೊಳುತ್ತೋ ಅಲ್ಲೇ ನೋವು.

ಸೀಮೆಹುಲ್ಲು:
ತಿಂಡಿ ಎಷ್ಟು ಹಾಕ್ತೀರಾ? ಕರು ಹಾಕಿದ ಕೂಡ್ಲೆ ಹಾಲಿನ ಆಸೆಗೆ ಜೋಳದ ನುಚ್ಚು, ಮಿಕ್ಕಿದ ಅನ್ನ ಮುದ್ದೆ ಎಲ್ಲಾ ಸುರಿದ್ರೆ ಹೊಟ್ಟೆಯಲ್ಲಿ ಹುಳಿ ಏರಿ ಗೊರಸಿನ ಒಳಪದರ ಊದ್ಕೊಳುತ್ತೆ, ಕಾಲಲ್ಲಿ ಕಾಣೋದು ಎಷ್ಟೋ ವಾರ ಆದ್ಮೇಲೆ, ಅದಕ್ಕೇ ಯಾರಿಗೂ ತಿಂಡಿ ಮೇಲೆ ಅನುಮಾನ ಬರಲ್ಲ. ಒಣಹುಲ್ಲು ಜಾಸ್ತಿ ಮಾಡಿ, ತಿಂಡಿನ ಒಂದೇ ಸಲ ಹಾಕ್ದೆ ದಿನಕ್ಕೆ ಮೂರ್ನಾಲ್ಕು ಸಲ ಹಂಚಿ ಹಾಕಿ.

ಮಂಡ್ಯ_ಕೊಟ್ಟಿಗೆ:
ನೋಡ್ದೆ ಅಣ್ಣ. ಹೊರಗಡೆ ಗೊರಸಲ್ಲಿ ಹಿಮ್ಮಡಿ ಹತ್ರ ಕಡಲೆಕಾಳಿನಷ್ಟು ಕೆಂಪು ಗುರುತು, ಮುಟ್ಟಿದ್ರೆ ಒದೀತು. ಮೈಲುತುತ್ತದ ನೀರಲ್ಲಿ ನಿಲ್ಲಿಸ್ಲಾ?

ಹೈನು_ಹಾಸನ:
ಬೇಡ, ಇದು ಗೊರಸಿನ ಅಡಿಯ ಹುಣ್ಣಿನ ಥರ ಇದೆ, ಮೈಲುತುತ್ತದಲ್ಲಿ ವಾಸಿಯಾಗಲ್ಲ. ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ ಡಾಕ್ಟ್ರನ್ನ ಕರೆಸಿ, ಸತ್ತ ಗೊರಸು ಕೆತ್ತಿಸಿ, ಪಕ್ಕದ ಒಳ್ಳೇ ಗೊರಸಿಗೆ ಮರದ ತುಂಡು ಅಂಟಿಸ್ಬೋದಾ ಕೇಳಿ, ಹುಣ್ಣಿನ ಗೊರಸು ನೆಲಕ್ಕೆ ತಾಗ್ದೆ ಇದ್ರೆ ಬೇಗ ಮಾಯುತ್ತೆ. ನೀವೇ ಕುಡ್ಲು ಹಾಕೋಕೆ ಹೋಗ್ಬೇಡಿ, ಅಂಗಾಲು ತೆಳು ಆದ್ರೆ ಇನ್ನೂ ಕಷ್ಟ.

ಮೈಲುತುತ್ತ ಬೆರಳ ಸಂದಿ ಕೊಳೆಯದ ಹಾಗೆ ತಡೆಯೋಕೆ, ಅದೂ ಗಾಯ ಇಲ್ದೇ ಇರೋ ಕಾಲಿಗೆ. 10 ಲೀಟರಿಗೆ ಅರ್ಧ ಕೆಜಿ, ಪ್ಲಾಸ್ಟಿಕ್ ಟಬ್ಬಲ್ಲಿ, ಕಾಲು ತೊಳೆದ ಮೇಲೆ. ಹಸು ಆ ನೀರು ಕುಡೀದ ಹಾಗೆ ನೋಡ್ಕೊಳಿ, ಕೆರೆ ಕಾಲುವೆಗೂ ಚೆಲ್ಬೇಡಿ, ಮೀನು ಸಾಯ್ತವೆ.

ಸೀಮೆಹುಲ್ಲು:
ರಬ್ಬರ್ ಮ್ಯಾಟ್ ಹಾಕ್ಸಿ, ಇಲ್ಲಾಂದ್ರೆ ದಪ್ಪಕ್ಕೆ ಒಣಹುಲ್ಲಾದ್ರೂ ಹಾಸಿ. ಹಸು ದಿನಕ್ಕೆ 10-12 ಗಂಟೆ ಮಲಗ್ಬೇಕು, ಗಂಜಲ ನಿಂತಿರೋ ನೆಲದಲ್ಲಿ ಅದು ಮಲಗಲ್ಲ. ವಾಸಿಯಾದ್ಮೇಲೆ ವರ್ಷಕ್ಕೆ ಎರಡು ಸಲ ಗೊರಸು ಕತ್ತರಿಸಿ, ಒಂದು ಸಲ ಹಾಲು ಬತ್ತಿಸೋ ಟೈಮಲ್ಲೇ ಇಟ್ಕೊಳ್ಳಿ.