ಚಾರಣದಲ್ಲಿ ಗಾಯವಾದರೆ ಏನು ಮಾಡಬೇಕು? ತಿಳಿದವರು ಹೇಳಿ

ಎಂಟು ಜನ ಎರಡು ದಿನದ ಚಾರಣಕ್ಕೆ ಹೊರಟಿದ್ದೇವೆ. ಆಸ್ಪತ್ರೆ ಐದಾರು ಗಂಟೆ ದೂರ. ಬಿದ್ದು ಮೊಣಕಾಲು ತರಚಿದರೆ, ಚಾಕು ತಾಗಿ ಕೈ ಕೊಯ್ದರೆ ಹತ್ತಿ, ಸ್ಪಿರಿಟ್, ಬ್ಯಾಂಡೇಜು ಸಾಕೇ?

— ಹತ್ತಿ ಬೇಡ. ಎಳೆಗಳು ಗಾಯಕ್ಕೆ ಅಂಟಿ, ಬಿಡಿಸುವಾಗ ನಿಂತ ರಕ್ತ ಮತ್ತೆ ಶುರುವಾಗುತ್ತದೆ. ಗಾಜ್ ಬಟ್ಟೆ (ಗಾಯಕ್ಕೆ ಹಾಕುವ ತೆಳು ಜಾಳು ಬಟ್ಟೆ, gauze) ಒಯ್ಯಿರಿ. ಅದನ್ನು ಮಡಚಿ ಗಾಯದ ಮೇಲಿಟ್ಟು ಗಟ್ಟಿಯಾಗಿ ಒತ್ತಿ, ಗಡಿಯಾರ ನೋಡಿ ಪೂರ್ತಿ 10 ನಿಮಿಷ. ನಿಂತಿತೇ ಎಂದು ನಡುನಡುವೆ ಎತ್ತಿ ನೋಡಿದರೆ ಆಗಷ್ಟೇ ಹೆಪ್ಪುಗಟ್ಟಿದ್ದು ಕಿತ್ತು ಬರುತ್ತದೆ. ತೊಯ್ದರೆ ಮೇಲೆ ಇನ್ನೊಂದು ಇಡಿ. ಅದೂ ತೊಯ್ದರೆ ಒತ್ತಡ ಸರಿಯಾದ ಜಾಗಕ್ಕೆ ಬಿದ್ದಿಲ್ಲ. ಎರಡನ್ನೂ ತೆಗೆದು, ರಕ್ತ ಎಲ್ಲಿಂದ ಬರುತ್ತಿದೆ ನೋಡಿ ಮತ್ತೆ ಒತ್ತಿ. ಒಳಗೆ ಕೋಲೋ ಗಾಜಿನ ಚೂರೋ ಆಳವಾಗಿ ನಾಟಿದ್ದರೆ ಕೀಳಬೇಡಿ, ಅದರ ಅಕ್ಕಪಕ್ಕ ಒತ್ತಿ.

— ಸ್ಪಿರಿಟ್ ಚಿಮುಟ ಒರೆಸಲು ಮಾತ್ರ ಇರಲಿ. ಗಾಯದೊಳಗೆ ಸುರಿದರೆ ಹೊಸ ಚರ್ಮ ಕಟ್ಟಬೇಕಾದ ಜೀವಕೋಶಗಳೇ ಸಾಯುತ್ತವೆ. ಗಾಯ ಕೀವಾಗದಂತೆ ಕಾಯುವುದು ನೀರು. ಕುಡಿಯುವ ನೀರೇ ಆದೀತು: ಅರ್ಧ ಲೀಟರ್, ಮಣ್ಣು ಮೆತ್ತಿದ್ದರೆ ಒಂದು ಲೀಟರ್. ಸುಮ್ಮನೆ ಹೊಯ್ದರೆ ಮರಳು ಕದಲದು, ರಭಸ ಬೇಕು. ಸೂಜಿಯಿಲ್ಲದ 20 ಮಿ.ಲೀ. ಸಿರಿಂಜ್ ಒಳ್ಳೆಯದು. ಇಲ್ಲದಿದ್ದರೆ ಶುದ್ಧ ಪ್ಲಾಸ್ಟಿಕ್ ಚೀಲಕ್ಕೆ ನೀರು ತುಂಬಿ, ಮೂಲೆಗೆ ಪಿನ್ ಚುಚ್ಚಿ ಹಿಂಡಿ. ತರಚಿದ ಜಾಗದಲ್ಲಿ ಇನ್ನೂ ಕಪ್ಪು ಚುಕ್ಕೆ ಕಂಡರೆ ಚಿಮುಟದಿಂದ ತೆಗೆದು ಮತ್ತೆ ತೊಳೆಯಿರಿ. ಆದರೆ ಬಹಳ ರಕ್ತ ಹೋಗಿ ಕಷ್ಟಪಟ್ಟು ನಿಂತ ಗಾಯವನ್ನು ತೊಳೆಯಲು ಹೋಗಲೇಬೇಡಿ. ಹಾಗೆಯೇ ಕಟ್ಟಿ ಕೆಳಗಿಳಿಸಿ.

— ಕಟ್ಟುವ ಬಗ್ಗೆ. ಗಾಯಕ್ಕೆ ತಾಗುವ ಗಾಜ್ ಬಟ್ಟೆಗೆ ತೆಳ್ಳಗೆ ವ್ಯಾಸಲೀನ್ ಸವರಿದರೆ ಅಂಟುವುದಿಲ್ಲ. ರೋಲರ್ ಬ್ಯಾಂಡೇಜನ್ನು ಬೆರಳ ಕಡೆಯಿಂದ ಮೇಲಕ್ಕೆ, ಪ್ರತಿ ಸುತ್ತೂ ಹಿಂದಿನದರ ಅರ್ಧಕ್ಕಿಂತ ಹೆಚ್ಚು ಮುಚ್ಚುವಂತೆ ಸುತ್ತಿ. ಮೊಣಕಾಲನ್ನು ತುಸು ಮಡಚಿಸಿ, ಚಿಪ್ಪಿನ ಮೇಲೂ ಕೆಳಗೂ ಎಂಟರ ಆಕಾರದಲ್ಲಿ ತನ್ನಿ. ನೇರವಾಗಿ ಸುತ್ತಿದ್ದು ನಡೆಯುವಾಗ ಜಾರುತ್ತದೆ. ಮುಗಿದ ಮೇಲೆ ಉಗುರನ್ನು ಐದು ಸೆಕೆಂಡು ಒತ್ತಿ ಬಿಡಿ. ಬಿಳಿಚಿದ್ದು ಎರಡು ಸೆಕೆಂಡಿನೊಳಗೆ ಕೆಂಪಾಗದಿದ್ದರೆ ಬಿಗಿಯಾಗಿದೆ, ಬಿಚ್ಚಿ ಕಟ್ಟಿ. ಚಳಿಯಿದ್ದರೆ ಇನ್ನೊಂದು ಕೈ ಅಥವಾ ಕಾಲಿನ ಬೆರಳಿನೊಂದಿಗೆ ಹೋಲಿಸಿ. ಅರ್ಧ ಗಂಟೆ ಬಿಟ್ಟು ಮತ್ತೊಮ್ಮೆ ನೋಡಿ, ಏಕೆಂದರೆ ಊತ ಆಮೇಲೆ ಬರುತ್ತದೆ.

— ಬಾಯ್ತೆರೆದ ಗಾಯ, ಮರಗಟ್ಟಿದ ಅಥವಾ ಮಡಚಲಾಗದ ಬೆರಳು, ಹರಡುವ ಕೆಂಪು, ಜ್ವರ: ಇವುಗಳಲ್ಲಿ ಯಾವುದು ಕಂಡರೂ ಚಾರಣ ನಿಲ್ಲಿಸಿ. ಪ್ರಾಣಿ ಕಚ್ಚಿದರೆ ಸೋಪು ಹಚ್ಚಿ 15 ನಿಮಿಷ ಹರಿಯುವ ನೀರಿನಲ್ಲಿ ತೊಳೆದು, ರೇಬೀಸ್ ಲಸಿಕೆಗೆ ಅಂದೇ ಹೊರಡಿ. ಮಣ್ಣಾದ ಗಾಯವಾಗಿ, ಟೆಟನಸ್ ಚುಚ್ಚುಮದ್ದು ಹಾಕಿಸಿ 5 ವರ್ಷ ದಾಟಿದ್ದರೆ ಇನ್ನೊಂದು ಬೇಕು. ಎಂಟೂ ಜನರ ತಾರೀಖು ಈಗಲೇ ಬರೆದಿಟ್ಟುಕೊಳ್ಳಿ.