ಟೊಲುಯೀನ್‌ನಲ್ಲಿ ಸಿಕ್ಕ ಆಯ್ಕೆ ಅಸಿಟೋನೈಟ್ರೈಲ್‌ನಲ್ಲಿ ಏಕೆ ಕೈಬಿಟ್ಟಿತು?

ವಿಜಯಪುರದ ಎಂ.ಎಸ್ಸಿ. ವಿದ್ಯಾರ್ಥಿನಿ: ಸರ್, ಗ್ಲೈಸಿನ್ ಎಂಬ ಅಮೈನೋ ಆಮ್ಲದಿಂದ ಮಾಡಿದ ಇಮೀನ್ ಎಸ್ಟರಿಗೆ ಬೆಂಜೈಲ್ ಗುಂಪು ಸೇರಿಸುತ್ತಿದ್ದೇನೆ. ವೇಗವರ್ಧಕ ಸಿಂಕೋನಾ ಮರದ ಸಾರದಿಂದ ಮಾಡಿದ ಅಮೋನಿಯಂ ಲವಣ. ಟೊಲುಯೀನ್ ದ್ರಾವಕದಲ್ಲಿ ಉತ್ಪನ್ನದ ಎರಡು ಕನ್ನಡಿ ರೂಪಗಳು 90:10 ಬಂದವು. ಬೇಗ ಮುಗಿಯಲೆಂದು ಅಸಿಟೋನೈಟ್ರೈಲ್ ಬಳಸಿದೆ, 58:42 ಆಯಿತು, ಒಂದೇ ರೂಪದ ಕಡೆಗಿದ್ದ ಆಯ್ಕೆ ಕೈಬಿಟ್ಟಿತು. ಎಲ್ಲಿ ತಪ್ಪಿದೆ?

ತಜ್ಞರು (ಬೆಳಗಾವಿ, ನಿವೃತ್ತ ಔಷಧ ರಸಾಯನತಜ್ಞ): ಇದು ನಿಮ್ಮ ಕೈತಪ್ಪಲ್ಲ, ದ್ರಾವಕದ ಕೆಲಸ. ಅಮೋನಿಯಂ ಧನ, ಕ್ಷಾರ ಪ್ರೋಟಾನು ಕಿತ್ತ ಇಮೀನ್ ಋಣ. ಇಬ್ಬರನ್ನೂ ಕಟ್ಟಿಹಾಕಿರುವುದು ಮುಖ್ಯವಾಗಿ ಆವೇಶಗಳ ಎಳೆತ. ಅದೇ ಕಣ್ಣಿ. ಕಣ್ಣಿ ಗಿಡ್ಡವಿದ್ದರೆ ಕರು ಗೂಟಕ್ಕೆ ಒಂದೇ ಮಗ್ಗುಲು ಕೊಟ್ಟು ನಿಲ್ಲುತ್ತದೆ; ಉದ್ದ ಬಿಟ್ಟರೆ ಎತ್ತಲಾದರೂ ತಿರುಗುತ್ತದೆ. ದ್ರಾವಕ ಈ ಎಳೆತವನ್ನು ಎಷ್ಟು ತಗ್ಗಿಸುತ್ತದೆ ಎಂಬ ಅಳತೆಯೇ ಡೈಎಲೆಕ್ಟ್ರಿಕ್ ಸ್ಥಿರಾಂಕ; ಟೊಲುಯೀನ್‌ನದು ಸುಮಾರು 2.4, ಅಸಿಟೋನೈಟ್ರೈಲ್‌ನದು 37ರ ಆಸುಪಾಸು. 4 ಆಂಗ್‌ಸ್ಟ್ರಾಮ್ ದೂರದ ಜೋಡಿಗೆ ಕೂಲಂಬ್ ನಿಯಮ ಹಾಕಿ ನೋಡಿರಿ: ಮೊದಲನೆಯದರಲ್ಲಿ ಮೋಲಿಗೆ ಸುಮಾರು 35 ಕಿಲೊಕ್ಯಾಲರಿ, ಎರಡನೆಯದರಲ್ಲಿ 2ಕ್ಕಿಂತ ತುಸು ಹೆಚ್ಚು. ಒರಟು ಲೆಕ್ಕವೇ, ಆದರೂ ದಿಕ್ಕು ತೋರಿಸುತ್ತದೆ.

ಆದರೆ ಎಳೆತ ಬಲವಾಗಿದ್ದರೆ ಸಾಲದು. 90:10ಕ್ಕೆ ಕೋಣೆಯ ತಾಪದಲ್ಲಿ ಎರಡು ಸಂಕ್ರಮಣ ಸ್ಥಿತಿಗಳ (ಒಂದೊಂದು ಕನ್ನಡಿ ರೂಪಕ್ಕೆ ಹೋಗಲು ದಾಟಬೇಕಾದ ಶಕ್ತಿಯ ದಿಬ್ಬಗಳ) ನಡುವೆ ಬೇಕಾದ ಅಂತರ 1.3 ಕಿಲೊಕ್ಯಾಲರಿ ಮಾತ್ರ. ಎರಡಕ್ಕೂ ಸಮನಾಗಿ ಆಸರೆ ಕೊಟ್ಟರೆ ವೇಗ ಹೆಚ್ಚೀತು, ಆಯ್ಕೆ ಹುಟ್ಟದು. ನಿಮ್ಮ ಲವಣದಲ್ಲಿ ಧನಾವೇಶ ಸಾರಜನಕದ ಪಕ್ಕದ ಇಂಗಾಲಗಳ ಹೈಡ್ರೋಜನ್‌ಗಳ ಮೇಲೂ ಹರಡಿದೆ. ಋಣ ಅಯಾನು ಅಲ್ಲಿಗೆ ಒರಗುತ್ತದೆ. 1997ರಲ್ಲಿ ಕೋರಿ ಮತ್ತು ಲೈಗೋ ಗುಂಪುಗಳು ಆ ಸಾರಜನಕಕ್ಕೆ ದಪ್ಪ ಆಂಥ್ರಸೀನ್ ತುಂಡನ್ನು ಕಟ್ಟಿ ಬೇಡದ ಮಗ್ಗುಲನ್ನು ಮುಚ್ಚಿದವು. ಎಷ್ಟು ಚೆಂದದ ಕೆಲಸ!

ಒಂದು ಅನುಮಾನ ಮಾತ್ರ ಕಾಡುತ್ತಿದೆ. ಅಸಿಟೋನೈಟ್ರೈಲ್‌ನಲ್ಲಿ ವೇಗವರ್ಧಕದ ಹಂಗಿಲ್ಲದೆಯೂ ಕ್ರಿಯೆ ಸಾಗುತ್ತಿರಬಹುದು. ಅದು ಕೊಡುವುದು 50:50. ಲವಣ ಹಾಕದ ಫ್ಲಾಸ್ಕ್ ಒಂದನ್ನು ನಡೆಸಿ ತಿಳಿಸಿರಿ.

ಜಮಖಂಡಿಯ ಉಪನ್ಯಾಸಕ: ತಾಪ ಇಳಿಸಿದರೆ ಆಯ್ಕೆ ಹೆಚ್ಚುತ್ತದೆಯೇ?

ತಜ್ಞರು: ಸಾಮಾನ್ಯವಾಗಿ ಹೌದು.

ಗೋಕಾಕದ ಸದಸ್ಯ: ಪ್ರೋಲಿನ್ ಎಂಬ ಅಮೈನೋ ಆಮ್ಲ ವೇಗವರ್ಧಕವಾದಾಗಲೂ ಇದೇ ಕಣ್ಣಿಯೇ?

ತಜ್ಞರು: ಅಲ್ಲಿ ಅಯಾನು ಜೋಡಿಯಲ್ಲ. ಕಾರ್ಬಾಕ್ಸಿಲಿಕ್ ಆಮ್ಲದ ಹೈಡ್ರೋಜನ್ ಬಂಧ ಆಲ್ಡಿಹೈಡನ್ನು ಹಿಡಿಯುತ್ತದೆ. ಇದು ಲಿಸ್ಟ್ 2000ದಲ್ಲಿ ಪ್ರಕಟಿಸಿದ ಕೆಲಸ; ಅವರಿಗೆ ಮ್ಯಾಕ್‌ಮಿಲನ್ ಜೊತೆ 2021ರ ನೊಬೆಲ್ ಬಂತು.

ಬಾಗಲಕೋಟೆಯ ಶಿಕ್ಷಕ: ಎಡಗೈ ಬಲಗೈಗಳಂತೆ ಅಣು ತನ್ನ ಕನ್ನಡಿ ಬಿಂಬಕ್ಕೆ ಹೊಂದದ ಗುಣವಾದ ಕೈರಾಲಿಟಿಗೆ ‘ಕೈಗುಣ’ ಎನ್ನೋಣವೇ?

ಜಮಖಂಡಿಯ ಉಪನ್ಯಾಸಕ: ಬೇಡ. ಕೈಗುಣ ವೈದ್ಯರಿಗೆ ಹೇಳುವ ಮಾತು. ಮಕ್ಕಳು ಗೊಂದಲಕ್ಕೆ ಬೀಳುತ್ತಾರೆ.

ಬಾಗಲಕೋಟೆಯ ಶಿಕ್ಷಕ: ಮೂವತ್ತು ವರ್ಷ ಪಾಠ ಮಾಡಿದ್ದೇನೆ, ಮಕ್ಕಳ ಗೊಂದಲವನ್ನು ನೀವು ನನಗೆ ಕಲಿಸಬೇಡಿ.

ಅಥಣಿಯ ಸದಸ್ಯ: ಕನ್ನಡಿ ರೂಪಗಳನ್ನು ಬೇರ್ಪಡಿಸುವ ಕೈರಲ್ ಕಾಲಮ್ ಬಾಡಿಗೆಗೆ ಎಲ್ಲಿ ಸಿಗುತ್ತದೆ?

ಹುನಗುಂದದ ಸದಸ್ಯ: ಅಯಸ್ಕಾಂತದ ಮೇಲಿಟ್ಟ ನೀರು ಬಲಗೈ ಅಣುಗಳಿಂದ ತುಂಬುತ್ತದೆ, ರಕ್ತದೊತ್ತಡ ಇಳಿಯುತ್ತದೆ ಎಂಬ ಸಂದೇಶ ಬಂದಿದೆ. ಅಮ್ಮ ಎರಡು ದಿನದಿಂದ ಮಾತ್ರೆ ಬಿಟ್ಟಿದ್ದಾರೆ.

ತಜ್ಞರು: ಇಂದೇ ಅವರ ವೈದ್ಯರಿಗೆ ಫೋನ್ ಮಾಡಿರಿ, ನಾಳೆಗೆ ಬಿಡಬೇಡಿ. ನೀರಿನ ಅಣುವಿಗೆ ಎಡಗೈ ಬಲಗೈ ಎಂಬುದೇ ಇಲ್ಲ. ಅದರ ಕನ್ನಡಿ ಬಿಂಬ ಅದೇ ಅಣು. ಇಂಥ ಸಂದೇಶವನ್ನು ಈ ಗುಂಪಿಗೆ ತರುವುದು ಮೂರನೇ ಸಲ. ಇನ್ನೊಮ್ಮೆ ಹಂಚಬೇಡಿ.

ಗೋಕಾಕದ ಸದಸ್ಯ: ತಾಪ ಇಳಿಸಿದರೆ ಆಯ್ಕೆ ಹೆಚ್ಚುತ್ತದೆಯೇ ಸರ್?

ತಜ್ಞರು: ಮೇಲೆ ಓದಿರಿ.

ಜಮಖಂಡಿಯ ಉಪನ್ಯಾಸಕ: ಮೂವತ್ತು ವರ್ಷ ತಪ್ಪು ಹೇಳಿದರೆ ಅದು ಸರಿಯಾಗುವುದಿಲ್ಲ.

ತಜ್ಞರು: ನೀವಿಬ್ಬರೂ ಪದದ ಜಗಳವನ್ನು ಬೇರೆ ಕಡೆ ಮಾಡಿಕೊಳ್ಳಿ. ಇಲ್ಲಿ ಒಬ್ಬ ಹುಡುಗಿಯ ಪ್ರಯೋಗ ನಿಂತಿದೆ.

ವಿಜಯಪುರದ ವಿದ್ಯಾರ್ಥಿನಿ: ಸರ್, ಲವಣ ಹಾಕದ ಫ್ಲಾಸ್ಕ್‌ನಲ್ಲೂ ಆರು ಗಂಟೆಯಲ್ಲಿ ಮೂರನೇ ಒಂದು ಭಾಗ ಉತ್ಪನ್ನ ಬಂದಿದೆ.

ತಜ್ಞರು: ಹಾಗಾದರೆ ವೇಗವರ್ಧಕವಿಲ್ಲದೆ ಸಾಗುವ ಕಳ್ಳದಾರಿಯೂ ಇದೆ, ಸಡಿಲ ಕಣ್ಣಿಯೂ ಇದೆ. ಟೊಲುಯೀನ್‌ನಲ್ಲೂ ಲವಣವಿಲ್ಲದೆ ನಡೆಸಿರಿ, ನಂತರ 0 ಡಿಗ್ರಿಯಲ್ಲಿ ಲವಣ ಹಾಕಿ. ಎರಡೂ ಅಂಕಿ ಕಳುಹಿಸಿರಿ, ಕಾಯುತ್ತಿರುತ್ತೇನೆ.