ಅಮ್ಮನಿಗೆ ಸರ್ಪಸುತ್ತು: ಕೆಮ್ಮಣ್ಣು ಹಚ್ಚಿಸಲೇಬೇಕಾ?

ತೆಂಗಿನತೋಟದವ:
ಅಮ್ಮನಿಗೆ 63. ಶನಿವಾರ ಬಲಪಕ್ಕೆ ಉರಿ ಅಂದರು. ಕಾಯಿ ಹೊತ್ತು ಉಳುಕಿರಬೇಕು ಅಂತ ನಾನೇ ನೋವಿನ ಮುಲಾಮು ತಿಕ್ಕಿದೆ. ನಿನ್ನೆ ಮಂಗಳವಾರ ನೋಡಿದರೆ ಬೆನ್ನಿನಿಂದ ಎದೆಯ ಕೆಳಗಿನವರೆಗೆ ಪಟ್ಟಿ ಎಳೆದ ಹಾಗೆ ನೀರುಗುಳ್ಳೆ. ಸೆರಗು ತಾಗಿದರೂ ಚೀರುತ್ತಾರೆ. ಪಕ್ಕದ ಮನೆ ಅಜ್ಜಿ, 'ಸರ್ಪಸುತ್ತು. ತಲೆ ಬಾಲ ಕೂಡಿದರೆ ಜೀವಕ್ಕೇ ಕುತ್ತು, ಕೆಮ್ಮಣ್ಣು ಹಚ್ಚಿಸು' ಅಂದಿದ್ದಾರೆ. ಅಮ್ಮ ಈಗ ಗಂಟೆಗೊಮ್ಮೆ ಕನ್ನಡಿ ಹಿಡಿದು ಎರಡು ತುದಿ ಎಷ್ಟು ದೂರ ಇದೆ ಅಂತ ನೋಡುತ್ತಾರೆ. ನನ್ನ ಹೆಂಡತಿ ಏಳು ತಿಂಗಳ ಬಸುರಿ ಬೇರೆ. ಇದು ಅಂಟುತ್ತಾ?

ರಿಟೈರ್ಡ್ ಮೇಷ್ಟ್ರು:
ತಲೆ ಬಾಲ ಕೂಡಲ್ಲ, ಅಮ್ಮನಿಗೆ ಮೊದಲು ಅದನ್ನು ಹೇಳಿ. ಚಿಕ್ಕಂದಿನಲ್ಲಿ ಸೀತಾಳೆ ಸಿಡುಬು ತಂದ ವೈರಸ್ಸೇ ಇದು. ಬೆನ್ನುಹುರಿ ಪಕ್ಕದ ನರದ ಬುಡದಲ್ಲಿ ವರ್ಷಗಟ್ಟಲೆ ಸುಮ್ನೆ ಮಲಗಿದ್ದು, ವಯಸ್ಸಾದ ಮೇಲೆ ಅದೇ ನರ ಹಿಡಿದು ಹೊರಗೆ ಬರುತ್ತೆ. ನರ ಒಂದೇ ಮಗ್ಗುಲಿನದು, ಅದಕ್ಕೇ ಗುಳ್ಳೆಯೂ ಸಾಮಾನ್ಯವಾಗಿ ಒಂದೇ ಕಡೆ.
ನಾನು ಕೆಮ್ಮಣ್ಣು ಹಚ್ಚಿಸಿದವನೇ. ತಂಪಾಗಿತ್ತು, ಸುಳ್ಳು ಹೇಳಲ್ಲ. ಒಣಗಿದ ಮೇಲೆ ಗುಳ್ಳೆ ಸಮೇತ ಕಿತ್ತು ಬಂತು, ಕೀವಾಯಿತು. ಡಾಕ್ಟರ ಹತ್ತಿರ ಹೋಗಿದ್ದು ಆರನೇ ದಿನ. ಗಾಯ ಮಾಯ್ದರೂ ನೋವು ಐದು ತಿಂಗಳು ಬಿಡಲಿಲ್ಲ. ಬನಿಯನ್ ಹಾಕಲಾಗದೆ ಬರೀ ಪಂಚೆಯಲ್ಲೇ ಓಡಾಡಿದೆ. ಗುಳ್ಳೆ ಎದ್ದ 72 ಗಂಟೆಯೊಳಗೆ ಮಾತ್ರೆ ಶುರುವಾದರೆ ಒಳ್ಳೆಯದು. ಇವತ್ತೇ ಹೊರಡಿ.

ನರ್ಸಮ್ಮ:
ಮೇಷ್ಟ್ರು ಹೇಳಿದ್ದು ಸರಿ. ಗುಳ್ಳೆಯ ನೀರು ತಾಗಿದರೆ, ಸೀತಾಳೆ ಆಗಿಲ್ಲದವರಿಗೆ ಸೀತಾಳೆ ಬರಬಹುದು. ನಿಮ್ಮ ಹೆಂಡತಿಗೆ ಆಗಿತ್ತಾ ಕೇಳಿ. ಆಗಿಲ್ಲದಿದ್ದರೆ ಅವರ ಡಾಕ್ಟರಿಗೆ ಈಗಲೇ ಫೋನ್ ಮಾಡಿ. ಹಕ್ಕಳೆ ಕಟ್ಟುವವರೆಗೆ ಜಾಗ ಮುಚ್ಚಿಡಿ, ಟವೆಲ್ ಬೇರೆ ಇರಲಿ. ಮುಲಾಮು ಇನ್ನು ತಿಕ್ಕಬೇಡಿ. (ಇದೇ ಗುಳ್ಳೆ ಮೂಗಿನ ತುದಿಗೋ ಕಣ್ಣಿನ ಹತ್ತಿರವೋ ಎದ್ದರೆ ಕಣ್ಣಿನ ಡಾಕ್ಟರಿಗೆ ಓಡಬೇಕು.) 50 ದಾಟಿದವರಿಗೆ ಲಸಿಕೆಯೂ ಇದೆ, ಎರಡು ಡೋಸ್. ಬೆಲೆ ಜಾಸ್ತಿ.

ತೆಂಗಿನತೋಟದವ:
ಹೋಗಿ ಬಂದೆವು. ಎಸೈಕ್ಲೊವಿರ್ 800, ದಿನಕ್ಕೆ ಐದು ಸಲ, ಏಳು ದಿನ. ಹೆಂಡತಿಗೆ ಎರಡನೇ ಕ್ಲಾಸಿನಲ್ಲೇ ಸೀತಾಳೆ ಆಗಿತ್ತಂತೆ, ಅತ್ತೆ ಹೇಳಿದರು. ಐದು ಸಲ ಅಂದರೆ ನಡುರಾತ್ರಿ ಎಬ್ಬಿಸಬೇಕಾ?

ನರ್ಸಮ್ಮ:
ಬೇಡ. ಬೆಳಿಗ್ಗೆ 6, 10, ಮಧ್ಯಾಹ್ನ 2, ಸಂಜೆ 6, ರಾತ್ರಿ 10. ನೀರು ಚೆನ್ನಾಗಿ ಕುಡಿಸಿ. ಕನ್ನಡಿ ಎತ್ತಿಡಿ.